ಸುತ್ತುದಾರಿಯಲ್ಲಿ ನೀರು ತಂದವಳು

ಅಕ್ಕನ ಮಗನ ಮದುವೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅಕ್ಕ ಫೋನು ಮಾಡಿ ಎರಡೇ ಮಾತು ಹೇಳಿದಳು.

"ಹುಡುಗಿ ನೀರಿನ ಕೊಡ ಹೊತ್ಕೊಂಡು ನಿನ್ನ ರ‍್ಯಾಂಪ್ ಹತ್ತಬೇಕು. ಅವಳ ಕಾಲಲ್ಲಿ ರಾಡ್ ಇದೆ."

ಆಮೇಲೆ ಸುಮ್ಮನಾದಳು. ಅಕ್ಕ ಬೈದರೆ ನನಗೆ ಏನೂ ಆಗುವುದಿಲ್ಲ, ಅಭ್ಯಾಸವಿದೆ. ಸುಮ್ಮನಾದರೆ ಮಾತ್ರ ಕಷ್ಟ. ಅವಳು "ನಿನ್ನ ರ‍್ಯಾಂಪ್" ಎಂದದ್ದಕ್ಕೆ ನಾನು ತಕರಾರು ಮಾಡುವಂತೆಯೂ ಇರಲಿಲ್ಲ. ಸಭಾಭವನ ಊರಿನದು, ಜಾಗ ದಾನಿಗಳದು, ನೆಲದ ಗ್ರಾನೈಟ್ ಅಧ್ಯಕ್ಷರ ಆಯ್ಕೆ. ಕಟ್ಟಡದ ಹೊಟ್ಟೆಯೊಳಗೆ ಸುತ್ತಿಕೊಂಡು ಮೇಲಕ್ಕೆ ಹೋಗುವ ರ‍್ಯಾಂಪು ಮಾತ್ರ ನನ್ನದು. ಉದ್ಘಾಟನೆಯ ದಿನ ಬಂದವರಿಗೆಲ್ಲ ಇದನ್ನು ನಾನೇ ಹೇಳಿಕೊಂಡು ತಿರುಗಿದ್ದೆ.

ನಾನು ಓದಿದ್ದು ತತ್ತ್ವಶಾಸ್ತ್ರ. ಯಾವುದನ್ನೂ ಸುಮ್ಮನೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಎಲ್ಲಿಂದ ಶುರುಮಾಡಬೇಕು ಎಂದು ಹೇಳಿಕೊಡಲಿಲ್ಲ. ಹಾಗಾಗಿ ದೇವರನ್ನು, ಸರ್ಕಾರವನ್ನು, ಮಳೆಯ ಮುನ್ಸೂಚನೆಯನ್ನು, ಕಾಫಿ ವ್ಯಾಪಾರಿಯ ತಕ್ಕಡಿಯನ್ನು ಎಲ್ಲ ಸಂಶಯದಿಂದ ನೋಡಿದೆ. ನನ್ನ ಸ್ವಂತ ನೆನಪನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ. ಪಿಎಚ್‌ಡಿ ಅರ್ಧಕ್ಕೆ ಬಿಟ್ಟೆ, ಕಾಲೇಜಿನ ಕೆಲಸ ಬಿಟ್ಟೆ, ಒಂದು ಪತ್ರಿಕೆಗೆ ಸೇರಿ ಅದನ್ನೂ ಬಿಟ್ಟೆ. ಕೊನೆಗೆ ಬಿಟ್ಟಂಗಾಲದ ಹತ್ತಿರ ಅಪ್ಪ ಮಾಡಿಟ್ಟಿದ್ದ ಸಣ್ಣ ತೋಟಕ್ಕೆ ಬಂದೆ. ಬಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಇಲ್ಲಿ ನಿಂತೆ.

ಈ ಸುತ್ತುವ ಹುಚ್ಚು ಚಿಕ್ಕಂದಿನದು. ಅಪ್ಪ ಹಾಸನದ ಕಡೆಯಿಂದ ಬಂದು ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಆಳುಗಳ ಸಾಲುಮನೆಯ ಲೈನು ಕೆಳಗೆ, ಬಿಳಿ ದೊರೆಗಳು ಕಟ್ಟಿಸಿದ್ದ ಬಂಗಲೆ ಮೇಲೆ, ನಡುವೆ ನಮ್ಮ ಮನೆ. ಆ ಬಂಗಲೆಯ ಹಿಂದೆ ಕಬ್ಬಿಣದ ಒಂದು ಸುತ್ತುಮೆಟ್ಟಿಲಿತ್ತು. ನಡುವೆ ಒಂದೇ ಕಂಬ. ಅದರಿಂದ ಬೀಸಣಿಗೆ ಬಿಚ್ಚಿದ ಹಾಗೆ ಒಂದೊಂದೇ ಮೆಟ್ಟಿಲು ಹೊರಟು, ಮೇಲಿನದು ಕೆಳಗಿನದಕ್ಕೆ ಅರ್ಧ ನೆರಳಾಗಿ ಏರುತ್ತಿತ್ತು. ಪ್ರತಿ ಮೆಟ್ಟಿಲಿನ ಹಲಗೆಯಲ್ಲೂ ಹೂವಿನಾಕಾರದ ತೂತುಗಳು. ಬಿಸಿಲು ಬಿದ್ದರೆ ನೆಲದ ತುಂಬ ಬೆಳಕಿನ ಹೂವು. ಸಂಜೆ ಹೊತ್ತು ವಾಲಿದ ಹಾಗೆ ಆ ಹೂಗಳು ಉದ್ದವಾಗುತ್ತಿದ್ದವು. ಶಾಲೆಯಿಂದ ಬಂದವನೇ ಅದನ್ನು ಹತ್ತಿ ತುದಿಯಲ್ಲಿ ಕೂತು ಕಾಫಿ ಗಿಡಗಳ ಮೇಲೆ ಕಣ್ಣು ಹಾಯಿಸುತ್ತಿದ್ದೆ ಎಂದು ನಾನು ಕಂಡಕಂಡವರಿಗೆ ಹೇಳುತ್ತಿದ್ದೆ. ನನ್ನ ಸೌಂದರ್ಯಪ್ರಜ್ಞೆ ಹುಟ್ಟಿದ್ದೇ ಅಲ್ಲಿ ಎಂದು ಒಂದು ಲೇಖನದಲ್ಲಿ ಬರೆದೂ ಇದ್ದೆ.

ಅಕ್ಕ ಆ ಲೇಖನ ಓದಿ ನಕ್ಕಳು.

"ನೀನೆಲ್ಲೋ ಹತ್ತಿದ್ದೆ? ಹತ್ತಿದ್ದು ನಾನು. ತೂತಲ್ಲಿ ಕೆಳಗೆ ಕಾಣ್ಸುತ್ತೆ ಅಂತ ಹೆದರಿ ನೀನು ಕೆಳಗೆ ನಿಂತು ಅಳ್ತಿದ್ದೆ."

"ಇಲ್ಲಕ್ಕ, ನನಗೆ ಚೆನ್ನಾಗಿ ನೆನಪಿದೆ. ನೆಲದ ಮೇಲೆ ಬಿಸಿಲಿನ ಹೂವು..."

"ಮೇಲೆ ಕೂತೋರಿಗೆ ನೆಲದ ಹೂವು ಹೇಗೋ ಕಾಣ್ಬೇಕು? ಕೆಳಗೆ ನಿಂತೋರಿಗೆ ತಾನೆ ಕಾಣೋದು?"

ತತ್ತ್ವಶಾಸ್ತ್ರ ಓದಿದವನು ನಾನು. ವಾದ ಮುಗಿಸಿದವಳು ಅವಳು. ಸಾಲದ್ದಕ್ಕೆ ಇನ್ನೊಂದನ್ನೂ ಹೇಳಿದಳು. ಅದು ಬಂಗಲೆಯವರು ಹತ್ತುವುದಕ್ಕೆ ಮಾಡಿಸಿದ್ದಲ್ಲವಂತೆ. ಮೇಲಿನ ಬಚ್ಚಲು ಕಕ್ಕಸು ತೊಳೆಯುವವರು ಮನೆಯೊಳಗೆ ಕಾಲಿಡದೆ ಹಿಂದಿನಿಂದಲೇ ಹತ್ತಿ ಇಳಿಯಲಿ ಎಂದು ಹಾಕಿಸಿದ್ದು. ಅಷ್ಟು ಚೆಂದದ ಎರಕದ ಹೂವುಗಳು, ಒಬ್ಬ ಮನುಷ್ಯನನ್ನು ಹೊರಗಿಡುವುದಕ್ಕೆ. ಬಹಳ ದಿನ ಈ ಮಾತು ನನ್ನನ್ನು ಕೊರೆಯಿತು. ಈಗ ಬಂಗಲೆ ಹೋಂಸ್ಟೇ ಆಗಿದೆ. ಒಮ್ಮೆ ಹೋಗಿ ನೋಡಿದೆ. ಮೆಟ್ಟಿಲ ಮೇಲೆಲ್ಲ ಹೂಕುಂಡ ಇಟ್ಟಿದ್ದಾರೆ, ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ನೆನಪಿನಲ್ಲಿ ಅದು ಬಲಕ್ಕೆ ತಿರುಗುತ್ತ ಏರುತ್ತಿತ್ತು. ನಿಜದಲ್ಲಿ ಎಡಕ್ಕೆ ತಿರುಗುತ್ತದೆ.

ಇಷ್ಟಾದ ಮೇಲಾದರೂ ನಾನು ಬುದ್ಧಿ ಕಲಿಯಬೇಕಿತ್ತು.

ಊರಿನಲ್ಲಿ ಸಭಾಭವನ ಕಟ್ಟುವ ಮಾತು ಬಂದಾಗ ಓದಿದವನು ಎಂಬ ಕಾರಣಕ್ಕೆ ನನ್ನನ್ನೂ ಕಮಿಟಿಗೆ ಸೇರಿಸಿಕೊಂಡರು. ಅಧ್ಯಕ್ಷರು ಅಕ್ಕನ ಗಂಡನ ಅಣ್ಣ. ನಾನು ದೊಡ್ಡ ಭಾವ ಎನ್ನುವುದು. ತೋಟದವರು, ತುಂಬಿದ ಮೈ, ಊರಿನ ಯಾವ ಮದುವೆಯಲ್ಲೂ ವಾಲಗ ಶುರುವಾದರೆ ಮೊದಲು ಕುಣಿಯಲು ಇಳಿಯುವವರು, ಕೊನೆಗೆ ಬಿಡುವವರು. ನಾನು ಎಲ್ಲೂ ಪ್ರೊಫೆಸರ್ ಆಗಿರಲಿಲ್ಲವೆಂದು ಗೊತ್ತಿದ್ದೇ ನನ್ನನ್ನು ಪ್ರೊಫೆಸ್ರೇ ಎಂದು ಕರೆಯುತ್ತಾರೆ.

ಸಿಕ್ಕಿದ ಜಾಗ ಇಳಿಜಾರು. ಮೇಲೆ ರಸ್ತೆ, ಕೆಳಗೆ ಗದ್ದೆ, ಗದ್ದೆಯ ಅಂಚಿನಲ್ಲಿ ಹಳೆಯ ಬಾವಿ. ಸಾಮಾನಿನ ಗಾಡಿ ರಸ್ತೆಗೇ ಬರುವುದರಿಂದ ಅಡಿಗೆಮನೆ, ಊಟದ ಹಾಲು ರಸ್ತೆಯ ಮಟ್ಟದಲ್ಲಿ, ಮೇಲಿನ ಅಂತಸ್ತಿನಲ್ಲಿ. ಮದುವೆ ಮಂಟಪದ ಹಾಲು ಕೆಳಗೆ. ನಡುವೆ ಹತ್ತಿ ಇಳಿಯುವುದಕ್ಕೆ ಏನು ಮಾಡುವುದು ಎಂದು ಚರ್ಚೆ ಬಂದಾಗ ನಾನು ಎದ್ದು ನಿಂತೆ.

ಓದುವಾಗ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಸುತ್ತು ರ‍್ಯಾಂಪು ಇತ್ತೆಂದೆ. ಮೆಟ್ಟಿಲೆಂದರೆ ಕಾಲಿಗೆ ಮತ್ತೆ ಮತ್ತೆ ಲೆಕ್ಕ ಕೇಳುವ ವಸ್ತು; ರ‍್ಯಾಂಪು ಏನನ್ನೂ ಕೇಳುವುದಿಲ್ಲ ಎಂದೆ. ಮೇಲೆ ಗಾಜಿನ ಮಾಡು, ಅಲ್ಲಿಂದ ಬೆಳಕು ಹಾಲಿನ ಹಾಗೆ ಗೋಡೆ ಹಿಡಿದು ಇಳಿಯುತ್ತದೆ, ಮುಂದೆ ಹೋದವರ ಬೆನ್ನಷ್ಟೇ ಕಾಣುವುದಲ್ಲ, ಅವರು ಸುತ್ತು ಬಂದು ಎದುರಿನಲ್ಲಿ ಮುಖ ತೋರಿಸುತ್ತಾರೆ, ಒಂದೇ ಕಟ್ಟಡದಲ್ಲಿದ್ದೇವೆ ಎಂದು ಜನಕ್ಕೆ ಗೊತ್ತಾಗುವುದೇ ಆಗ ಎಂದೆ. ಇನ್ನೂ ಏನೇನೋ ಹೇಳಿದೆ. ನನ್ನ ಮಾತು ನನಗೇ ಇಷ್ಟವಾಗುತ್ತಿತ್ತು.

ದೊಡ್ಡ ಭಾವ ಕೊನೆತನಕ ಕೇಳಿ, "ಪ್ರೊಫೆಸ್ರೇ, ವಯಸ್ಸಾದವರಿಗೆ ಹತ್ಲಿಕ್ಕೆ ಆಗ್ತದಾ ಇಲ್ವಾ? ಅಷ್ಟು ಹೇಳಿ" ಎಂದರು.

"ಆಗ್ತದೆ."

"ಹಾಗಾದ್ರೆ ಆಗ್ಲಿ. ಹಾಲು ಗೀಲು ಎಲ್ಲ ಯಾಕೆ?"

ಕೆಲಸ ಹಿಡಿದವನು ಮಾಕುಟ್ಟದ ಗಡಿಯಾಚೆಯಿಂದ ಬಂದ ಮೇಸ್ತ್ರಿ, ಮಲಯಾಳದ ಎಳೆಯಲ್ಲಿ ಕನ್ನಡ ಆಡುವವನು. ನಕ್ಷೆ ನೋಡಿ ತಲೆ ಕೆರೆದುಕೊಂಡ. "ಸಾರೇ, ಮೆಟ್ಲಾದ್ರೆ ಆನೆ ಹತ್ತೂದಿಲ್ಲ. ಇದು ಕಂಡ್ರೆ ಆನೆಗೆ ಕಾಗದ ಹಾಕಿ ಕರೆದ ಹಾಗೆ ಉಂಟು." ನಮ್ಮ ಕಡೆ ಇದು ಪೂರ್ತಿ ತಮಾಷೆಯೂ ಅಲ್ಲ. ಹಾಗಾಗಿ ಕೆಳಬಾಗಿಲಿಗೆ ಗಟ್ಟಿ ಗೇಟು ಬಂತು.

ನಾನು ಹೇಳಿದ ಸುತ್ತು ದೊಡ್ಡದು, ಏರು ಸಣ್ಣದು. ಆದರೆ ಸುತ್ತು ದೊಡ್ಡದಾಗಬೇಕಾದರೆ ಜಾಗದಲ್ಲಿದ್ದ ಹಲಸಿನ ಮರ ಹೋಗಬೇಕಿತ್ತು. ಅದರ ತೊಳೆ ತಿಂದವರು ಯಾರೂ ಕಡಿಯಲು ಒಪ್ಪಲಿಲ್ಲ, ದೊಡ್ಡ ಭಾವ ಅಂತೂ ಮರಕ್ಕೆ ಬೆನ್ನು ಕೊಟ್ಟೇ ನಿಂತರು. ಸುತ್ತು ಕುಗ್ಗಿತು, ಏರು ಕಡಿದಾಯಿತು. ಸುತ್ತಿ ಏರುವ ದಾರಿಗೆ ಒಂದು ಗುಣವಿದೆ: ಒಳ ಅಂಚಿಗೆ ದೂರ ಕಡಿಮೆ, ಎತ್ತರ ಮಾತ್ರ ಅಷ್ಟೇ. ಹಾಗಾಗಿ ಹೊರ ಅಂಚಿನಲ್ಲಿ ನಡೆದರೆ ಸಲೀಸು, ಒಳ ಅಂಚಿನಲ್ಲಿ ನಡೆದರೆ ಗುಡ್ಡ. ಸುತ್ತು ಸಣ್ಣದಾದಷ್ಟೂ ಈ ವ್ಯತ್ಯಾಸ ಹೆಚ್ಚು. ಇದು ನನಗೆ ಆಗ ಗೊತ್ತಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಗೊತ್ತಿರಲಿಲ್ಲ.

ಆದರೂ ಎರಡು ಸುತ್ತು ತಿರುಗಿ ರ‍್ಯಾಂಪು ಮೇಲೆ ಮುಟ್ಟಿದಾಗ, ಕಾಂಕ್ರೀಟಿಗೆ ಕಟ್ಟಿದ ಹಲಗೆ ಬಿಚ್ಚಿದ ಮೇಲೆ, ಅದು ಚೆಂದವೇ ಇತ್ತು. ಗಾಜಿನ ಮಾಡಿಗೆ ದುಡ್ಡು ಸಾಲದೆ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು ಹಾಕಿದರು. ಮಳೆಗಾಲದ ಬೆಳಕು ಅದರಿಂದ ಇಳಿದು ಸುಣ್ಣ ಬಳಿದ ಗೋಡೆಯ ಮೇಲೆ ಎಲ್ಲೂ ಗೆರೆ ಕಾಣದಂತೆ ಕರಗುತ್ತಿತ್ತು. ನಡುವಿನ ಖಾಲಿಯಲ್ಲಿ ಕೆಮ್ಮಿದರೆ ಕೆಮ್ಮು ಒಂದು ಸುತ್ತು ಹಾಕಿ ವಾಪಸು ಬರುತ್ತಿತ್ತು. ಹಲಸಿನ ಮರದ ಒಂದು ಕೊಂಬೆ ಕಿಟಕಿಯಲ್ಲಿ ಮೊದಲು ಮೇಲೆ ಕಾಣುತ್ತದೆ, ಮುಂದಿನ ಸುತ್ತಿನಲ್ಲಿ ಕೆಳಗೆ. ನೀವು ಏರಿದ್ದೀರಿ ಎಂದು ನಿಮಗೆ ಹೇಳುವುದು ಆ ಕೊಂಬೆಯೊಂದೇ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಕೀಲಿ ತೆಗೆಸಿ ಸುಮ್ಮನೆ ಹತ್ತಿ ಇಳಿಯುತ್ತಿದ್ದೆ. ನಾನು ಒಳಗೆ ಏನೋ ಪತ್ತೆ ಮಾಡುತ್ತಿದ್ದೇನೆ ಎಂದು ವಾಚ್‌ಮನ್ ನಂಬಿದ್ದ.

ಉದ್ಘಾಟನೆಗೆ ಹಳೆಯ ಸಹಪಾಠಿಯೊಬ್ಬನನ್ನು ಕರೆದೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವನು. ಫೋನಿನಲ್ಲಿ ರ‍್ಯಾಂಪನ್ನು ವರ್ಣಿಸಿ, "ನಮ್ಮ ಲೈಬ್ರರಿದೇ ನೋಡು, ಅದರ ನೆನಪಲ್ಲೇ ಮಾಡ್ಸಿದ್ದು" ಎಂದೆ.

"ಲೈಬ್ರರೀಲಿ ರ‍್ಯಾಂಪ್ ಎಲ್ಲಿತ್ತು ಮಾರಾಯ?"

"ಇತ್ತಲ್ಲ. ಮೇಲೆ ಗಾಜಿನ ಮಾಡು, ಸುತ್ತಿ ಸುತ್ತಿ..."

ಆ ಕಡೆ ನಗು. "ಅದು ಆಸ್ಪತ್ರೆ ಕಣೋ. ನಿಂಗೆ ಕಾಮಾಲೆ ಬಂದು ಮಲಗ್ಸಿದ್ರಲ್ಲ. ಲಿಫ್ಟ್ ಕೆಟ್ಟಿತ್ತು. ನಾನೂ ಇನ್ನೊಬ್ಬನೂ ನಿನ್ನ ತಳ್ಳು ಮಂಚದಲ್ಲಿ ಹಾಕ್ಕೊಂಡು ಆ ರ‍್ಯಾಂಪಲ್ಲೇ ತಳ್ಳಿದ್ದು. ಹಲ್ಲು ಕಚ್ಚಿ ಹಿಡಿದಿದ್ವಿ. ನೀನು ಮಾತ್ರ ಮಾಡು ನೋಡ್ಕೊಂಡು ಏನೇನೋ ಬಡಬಡಿಸ್ತಿದ್ದೆ."

ಆಗ ನನಗೆ ಅರ್ಥವಾದದ್ದು: ಆ ರ‍್ಯಾಂಪಿನ ಮಾಡು ಇಂಚಿಂಚು ನೆನಪಿದೆ, ನೆಲ ಹೇಗಿತ್ತೆಂದು ನೆನಪೇ ಇಲ್ಲ. ಒಂದು ಮೆಟ್ಟಿಲನ್ನು ಕೆಳಗೆ ನಿಂತು ನೋಡಿ ಹತ್ತಿದೆ ಎಂದುಕೊಂಡಿದ್ದೆ. ಒಂದು ರ‍್ಯಾಂಪನ್ನು ಅಂಗಾತ ಮಲಗಿ ನೋಡಿ ಓದಿದೆ ಎಂದುಕೊಂಡಿದ್ದೆ. ಊರಿನ ದುಡ್ಡಿನಲ್ಲಿ ನಾನು ಕಟ್ಟಿಸಿದ್ದು ಗ್ರಂಥಾಲಯವಲ್ಲ, ಜ್ವರ. ಈ ಸಂಗತಿಯನ್ನು ಕಮಿಟಿಗೆ ತಿಳಿಸುವ ತುರ್ತು ನನಗೆ ಕಾಣಲಿಲ್ಲ.

ಇದೆಲ್ಲ ಮುಗಿದ ಮೇಲೆ ಅಕ್ಕನ ಮಗನಿಗೆ ಕಕ್ಕಬೆ ಕಡೆಯ ಹುಡುಗಿ ಗೊತ್ತಾದಳು. ಲ್ಯಾಬಿನಲ್ಲಿ ಕೆಲಸ, ಚುರುಕು ಮಾತು. ನಿಶ್ಚಯವಾದ ಮೇಲೆ ಒಂದು ದಿನ ಸ್ಕೂಟರು ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ರಾಡ್ ಹಾಕಿದರು. ಮದುವೆ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದ ಮುಹೂರ್ತಕ್ಕೆ ವಿರಾಜಪೇಟೆಯ ಹಾಲುಗಳು ಖಾಲಿಯಿರಲಿಲ್ಲ. ನಮ್ಮ ಸಭಾಭವನವೇ ಎಂದಾಯಿತು. ಅಲ್ಲಿ ನಡೆಯುವ ಮೊದಲ ಮದುವೆ ಅದು.

ಭಾವನ ಮನೆಯವರ ಪದ್ಧತಿಯಲ್ಲಿ, ತಾಳಿ ಕಟ್ಟಿದ ಮೇಲೆ ಹುಡುಗಿ ಬಾವಿಗೆ ಪೂಜೆ ಮಾಡಿ, ಒಂದು ಕೊಡ ನೀರು ಸೇದಿ, ತಲೆಯ ಮೇಲೆ ಹೊತ್ತು ಗಂಡಿನ ಅಡಿಗೆಮನೆಗೆ ತಂದಿಡಬೇಕು. ಸುಮ್ಮನೆ ಬಿಡುವುದಿಲ್ಲ. ಗಂಡಿನ ಕಡೆಯವರು ಅವಳ ಮುಂದೆ ಅಡ್ಡಗಟ್ಟಿ, ವಾಲಗಕ್ಕೆ ಕುಣಿಯುತ್ತ, ಅವಳ ಕಡೆಗೆ ಮುಖ ಮಾಡಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ಅವರು ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಅವಳಿಗೆ ಒಂದು ಹೆಜ್ಜೆ ದಾರಿ. ಕೂಗಳತೆಯ ದೂರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹುಡುಗಿಯ ತಾಳ್ಮೆಗೆ ಪರೀಕ್ಷೆ ಎನ್ನುತ್ತಾರೆ. ಕೊಡ ಕೆಳಗಿಡುವಂತಿಲ್ಲ, ಇಟ್ಟರೆ ಯಾರೂ ಏನೂ ಮಾಡುವುದಿಲ್ಲ, ಆದರೆ ಆ ಮಾತು ಅವಳ ಮೊಮ್ಮಕ್ಕಳ ಕಾಲದವರೆಗೂ ಮುಗಿಯುವುದಿಲ್ಲ.

ಬಾವಿ ಗದ್ದೆಯ ಅಂಚಿನಲ್ಲಿ, ಅಡಿಗೆಮನೆ ಮೇಲಿನ ಅಂತಸ್ತಿನಲ್ಲಿ, ನಡುವೆ ನನ್ನ ರ‍್ಯಾಂಪು. ಹುಟ್ಟಿದಾಗಿನಿಂದ ಈ ಶಾಸ್ತ್ರ ನೋಡಿದವರೇ ತುಂಬಿದ್ದ ಕಮಿಟಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವರ ಮನಸ್ಸಿನಲ್ಲಿ ಬಾವಿಗೂ ಅಡಿಗೆಮನೆಗೂ ನಡುವೆ ಇರುವುದು ಅಂಗಳ. ನಾನು ಹಾಸನದವರ ಮಗ, ನನಗೆ ಹೊಳೆಯುವ ಪ್ರಶ್ನೆಯೇ ಇಲ್ಲ.

ಅಕ್ಕನ ಮನೆಯಲ್ಲಿ ಹಿರಿಯರು ಕೂತು ಮಾತಾಡಿದರು. ಕೊಡವನ್ನು ಹುಡುಗಿ ಮುಟ್ಟಿ ಕೊಟ್ಟರೆ ಸಾಕು, ಅವಳ ತಂಗಿ ಹೊತ್ತು ತರಲಿ ಎಂದು ಒಂದು ಸಲಹೆ ಬಂತು. ಅಕ್ಕ ಅದನ್ನು ಮೆಲ್ಲಗೆ ಹುಡುಗಿಗೆ ತಿಳಿಸಿದಳು.

ಹುಡುಗಿ, "ಹಾಗಾದ್ರೆ ಮದುವೇನೂ ತಂಗಿಗೇ ಆಗ್ಲಿ ಅತ್ತೆ" ಎಂದಳಂತೆ.

ಅಲ್ಲಿಗೆ ಆ ಮಾತು ಮುಗಿಯಿತು. ಅವಳ ಹಿಂದೆ "ಕುಂಟಿ" ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ನೆಂಟರಿಷ್ಟರ ಎದುರು ತನ್ನ ಕಾಲಲ್ಲಿ ತಾನು ಆ ಮನೆ ಸೇರಬೇಕು, ಅಷ್ಟೇ ಅವಳ ಹಟ. ನನಗೆ ನಿದ್ದೆ ಕೆಟ್ಟಿತು. ಅವಳು ಕೊಡ ಇಳಿಸಿದರೆ ಅದಕ್ಕೆ ಕಾರಣ ಅವಳ ಕಾಲಲ್ಲ, ನನ್ನ ಕಾಮಾಲೆ.

ಮದುವೆಗೆ ಮೊದಲಿನ ಭಾನುವಾರ ಅವಳೇ ಫೋನು ಮಾಡಿದಳು. "ಮಾವ, ಕೀಲಿ ತೆಗೆಸಿ ಕೊಡ್ತೀರಾ? ನಾನೊಮ್ಮೆ ಹತ್ತಿ ನೋಡ್ಬೇಕು. ಯಾರಿಗೂ ಹೇಳುದು ಬೇಡ."

ಅಣ್ಣನ ಜೀಪಿನಲ್ಲಿ ಬಂದಳು. ಕೈಯಲ್ಲಿ ಅರ್ಧ ನೀರು ತುಂಬಿದ ಸ್ಟೀಲ್ ಕೊಡ, ತಲೆಗೆ ಟವೆಲ್ಲಿನ ಸಿಂಬಿ. ನಾನು ಪಕ್ಕದಲ್ಲಿ ಎರಡೂ ಕೈ ಚಾಚಿಕೊಂಡು ನಡೆದೆ, ಓಡುವ ಕೋಳಿ ಹಿಡಿಯುವವನ ಹಾಗೆ.

"ಮಾವ, ನೀವು ಸ್ವಲ್ಪ ದೂರ ಹೋಗಿ. ನಿಮ್ಮನ್ನು ನೋಡಿದ್ರೆ ನಗು ಬರ್ತದೆ, ಕೊಡ ಬೀಳ್ತದೆ."

ಮೊದಲು ಒಳಗೋಡೆಯ ಕಂಬಿ ಹಿಡಿದು ಹೊರಟಳು. ನಾಲ್ಕು ಹೆಜ್ಜೆಗೆ ನಿಂತು, ಹೊರಗಿನ ಅಂಚಿಗೆ ಸರಿದಳು. ಮತ್ತೆ ಒಳಗೆ, ಮತ್ತೆ ಹೊರಗೆ.

"ಇಲ್ಲಿ ಒಳಗೆ ಕಡಿದು ಉಂಟು. ಹೊರಗಿಂದ ಹೋದ್ರೆ ಏನೂ ಇಲ್ಲ. ಹಾಗೇ ಮಾಡಿದ್ದಾ ನೀವು?"

"ಹೌದು" ಎಂದೆ. ಬಾಯಿಗೆ ಬಂದದ್ದು ಅದು.

"ನನಗೆ ಹತ್ತುವಾಗ ನೋವೇ ಇಲ್ಲ ಮಾವ. ಇಳಿಯುವಾಗ ಮಾತ್ರ ಪ್ರಾಣ ಹೋಗ್ತದೆ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡ್ತಾರಲ್ಲ, ಅವರು ಏರಿನಲ್ಲೇ ನಡಿ ಅಂದಿದ್ದಾರೆ."

ಇಳಿಯುವಾಗ ಕೊಡ ನನಗೆ ಕೊಟ್ಟಳು. ಅರ್ಧ ನೀರು ನನ್ನ ಅಂಗಿಯ ಮೇಲಾಯಿತು. ಕಾಲು ಗಟ್ಟಿಯಿರುವವನು ನಾನು.

ಆದರೂ ಧೈರ್ಯ ಬರಲಿಲ್ಲ. ಖಾಲಿ ರ‍್ಯಾಂಪು ಹತ್ತುವುದು ಬೇರೆ, ಮುಂದೆ ದೊಡ್ಡ ಭಾವ ನಿಂತಿರುವುದು ಬೇರೆ. ಅವರು ಕುಣಿಯಲು ನಿಂತರೆ ಎಷ್ಟು ಹೊತ್ತಿಗೆ ದಾರಿ ಬಿಡುತ್ತಾರೆ ಎಂದು ಯಾರೂ ಹೇಳಲಾರರು. ಮದುವೆಯ ಹಿಂದಿನ ದಿನ ಅವರ ಹತ್ತಿರ ಹೋಗಿ ಸೂಕ್ಷ್ಮವಾಗಿ ಹೇಳಲು ನೋಡಿದೆ.

"ದೊಡ್ಡ ಭಾವ, ನಾಳೆ ಸ್ವಲ್ಪ..."

"ನನಗೆ ಗೊತ್ತುಂಟು ಮಾರಾಯ. ಆದ್ರೆ ನಾವು ಬೇಗ ಬಿಟ್ಟುಕೊಟ್ಟೆವು ಅಂದ್ರೆ ಪಾಪ ಅಂತ ಬಿಟ್ಟ ಹಾಗಾಗ್ತದೆ. ಆ ಹುಡುಗಿಗೆ ಅದು ಬೇಡ. ನೀನೇ ಕೇಳು ಬೇಕಾದ್ರೆ. ನನ್ನ ಹತ್ರ ಬಂದು ಹೇಳಿದ್ದಾಳೆ, ದೊಡ್ಡಮಾವ, ಎಲ್ಲರಿಗೂ ಮಾಡಿದ ಹಾಗೇ ಮಾಡಿ ಅಂತ."

ನಾನು ಬಂದ ದಾರಿಯಲ್ಲೇ ವಾಪಸು ಹೊರಟೆ.

ಮದುವೆಯ ದಿನ ಧಾರೆ, ಊಟ ಎಲ್ಲ ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ಬಾವಿಯ ಹತ್ತಿರ ಜನ ಸೇರಿದರು. ಹುಡುಗಿ ಕೆಂಪು ಸೀರೆಯಲ್ಲಿ, ನೆರಿಗೆ ಹಿಂದಕ್ಕೆ, ಬಾವಿಗೆ ವೀಳ್ಯದೆಲೆ ಬಿಟ್ಟು, ಕಾಯಿ ಒಡೆದು, ನೀರು ಸೇದಿದಳು. ಹಿತ್ತಾಳೆ ಕೊಡ ಅವಳ ತಲೆಗೇರಿತು. ಅಕ್ಕ ಅವಳ ಪಕ್ಕದಲ್ಲಿ ನಿಂತವಳು ನನ್ನ ಕಡೆ ಒಂದು ಸಲ ನೋಡಿದಳು. ಅದರಲ್ಲಿ ಇಡೀ ಬಾಲ್ಯವಿತ್ತು.

ವಾಲಗ ಶುರುವಾಯಿತು. ಅಂಗಳದಲ್ಲಿ ದೊಡ್ಡ ಭಾವ ಸುಖವಾಗಿದ್ದರು. ಕೈ ಬೀಸಿ, ಸೊಂಟ ಬಳುಕಿಸಿ, ಒಂದಿಂಚು ಹಿಂದೆ ಹೋಗಿ ಎರಡಿಂಚು ಮುಂದೆ ಬರುತ್ತ ಕುಣಿದರು. ಅವರ ಸುತ್ತ ಒಂದೆರಡು ಪೆಗ್ ಏರಿಸಿದ ಇಪ್ಪತ್ತು ಮೂವತ್ತು ಜನ. ಬಾವಿಯಿಂದ ಗೇಟಿಗೆ ಬರುವಷ್ಟರಲ್ಲೇ ಹಲಸಿನ ಮರದ ನೆರಳು ಗೋಡೆ ಹತ್ತಿತ್ತು. ಹುಡುಗಿಯ ಮೇಲ್ದುಟಿಯ ಮೇಲೆ ಬೆವರು ಕಂಡಿತು. ನಿಂತಲ್ಲೇ ನಿಲ್ಲುವುದು ಆ ಕಾಲಿಗೆ ನಡೆಯುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು. ಒಮ್ಮೆ ಅವಳು ಭಾರವನ್ನು ಸರಿಗಾಲಿಗೆ ಬದಲಿಸುವಾಗ ಕೊಡ ತುಳುಕಿತು. ಅಕ್ಕನ ಕೈ ತಾನಾಗಿಯೇ ಮೇಲೆದ್ದು ಮತ್ತೆ ಇಳಿಯಿತು.

ಆಮೇಲೆ ರ‍್ಯಾಂಪು ಬಂತು.

ದೊಡ್ಡ ಭಾವ ಹುಡುಗಿಯ ಕಡೆಗೆ ಮುಖ ಮಾಡಿ, ಹಿಂದೆ ಹೆಜ್ಜೆ ಇಟ್ಟರು. ಹಿಂದೆ ಎಂದರೆ ಈಗ ಮೇಲೆ. ಅವರ ಮೈಗೆ ಅದು ಗೊತ್ತಿರಲಿಲ್ಲ. ಹಿಮ್ಮಡಿ ಅಂದಾಜಿಗಿಂತ ಮೊದಲೇ ನೆಲಕ್ಕೆ ತಾಗಿತು. ಒಂದು ಕ್ಷಣ ಕುರ್ಚಿಯಿಲ್ಲದಲ್ಲಿ ಕೂರುವವರ ಹಾಗೆ ಆದರು. ಎದ್ದು ನಿಂತು ನಕ್ಕು ಮತ್ತೆ ಕುಣಿದರು. ಆದರೆ ವಾಲಗದ ಲಯ ಸಮನೆಲಕ್ಕೆ ಹುಟ್ಟಿದ್ದು. ಏರಿನಲ್ಲಿ ಹಿಂದು ಹಿಂದಾಗಿ ಆ ಲಯಕ್ಕೆ ಹೆಜ್ಜೆ ಹಾಕಿದರೆ ಪ್ರತಿ ಹೆಜ್ಜೆಗೂ ಇಡೀ ಮೈಯನ್ನು ಎತ್ತಿ ಮೇಲಿಡಬೇಕು. ಅದರ ಮೇಲೆ ಹುಡುಗಿ ಹೊರ ಅಂಚು ಬಿಟ್ಟು ಕದಲಲಿಲ್ಲ. ಕುಣಿಯುವವರು ಸುತ್ತಿನ ಎಳೆತಕ್ಕೆ ಒಳ ಅಂಚಿಗೇ ಸರಿಯುತ್ತಿದ್ದರು, ಗುಡ್ಡ ಇರುವುದೇ ಅಲ್ಲಿ. ನುಗ್ಗಿ ಅಡ್ಡ ಬಂದರೆ ಮತ್ತೆ ಕೆಳಗಿಳಿದು ಮತ್ತೆ ಏರಬೇಕು.

ಅರ್ಧ ಸುತ್ತಿಗೆ ಹಿಂದಿನ ಸಾಲಿನವರು ಕುಣಿಯುವುದು ಬಿಟ್ಟು ಹತ್ತತೊಡಗಿದರು. ಒಂದು ಸುತ್ತಿಗೆ ಹುಡುಗನ ಚಿಕ್ಕಪ್ಪಂದಿರು ಕಂಬಿ ಹಿಡಿದು ನಿಂತರು.

"ಏಯ್ ಪ್ರೊಫೆಸ್ರೇ" ಎಂದು ದೊಡ್ಡ ಭಾವ ಏದುಸಿರಿನಲ್ಲಿ ಕೂಗಿದರು, "ಇದೆಂತ ಕಟ್ಟಿದ್ದು ನೀನು? ತಡಿಯಂಡಮೋಳಾ?"

ಸುತ್ತಲೂ ನಗು. ಅದು ಬೆಟ್ಟದ ಹೆಸರು, ಹುಡುಗಿಯ ಊರಿನ ಹಿಂದೆಯೇ ಇರುವುದು.

"ಅದನ್ನು ನಾನು ಶಾಲೆಯಲ್ಲಿರುವಾಗ ಹತ್ತಿದ್ದೆ ದೊಡ್ಡಮಾವ" ಎಂದಳು ಹುಡುಗಿ, ಕೊಡದ ಕೆಳಗಿನಿಂದ, ಕುತ್ತಿಗೆ ಅಲುಗಿಸದೆ.

ಮೇಲಿನ ಸುತ್ತಿನಲ್ಲಿ ಹೆಂಗಸರು ಗೋಡೆಗೆ ಒರಗಿ ನೋಡುತ್ತಿದ್ದರು. ಅವಳು ಒಂದು ಕಡೆಯಿಂದ ಮರೆಯಾಗಿ ಇನ್ನೊಂದು ಕಡೆ, ಇನ್ನಷ್ಟು ಮೇಲೆ, ಮುಖ ತೋರಿ ಬರುತ್ತಿದ್ದಳು. ಅಂಗಳದಲ್ಲಾದರೆ ಅವಳನ್ನು ನೋಡುವುದು ಮುಂದಿನ ನಾಲ್ಕು ಜನ. ಇಲ್ಲಿ ಎಲ್ಲರಿಗೂ ಕಾಣುತ್ತಿದ್ದಳು. ವಾಲಗದ ದನಿ ಮಾಡಿಗೆ ಹೋಗಿ ಸುತ್ತಿ ಇಳಿದು ಮತ್ತೆ ಅವಳ ಕಾಲಬುಡಕ್ಕೆ ಬರುತ್ತಿತ್ತು. ಪ್ಲಾಸ್ಟಿಕ್ ಶೀಟಿನ ಸಂಜೆ ಬೆಳಕಿನಲ್ಲಿ ಹಿತ್ತಾಳೆ ಕೊಡ ಒಂದೇ ಹಳದಿ. ಕಮಿಟಿಯ ಸಭೆಯಲ್ಲಿ ನಾನು ಬಾಯಿಗೆ ಬಂದ ಹಾಗೆ ಹೇಳಿದ್ದೆಲ್ಲ ನಿಜವಾಗುತ್ತಿತ್ತು. ನನಗೆ ಸ್ವಲ್ಪ ಮುಜುಗರವೇ ಆಯಿತು.

ಎರಡನೇ ಸುತ್ತಿನಲ್ಲಿ ಉಳಿದವರು ದೊಡ್ಡ ಭಾವ ಒಬ್ಬರೇ. ಕೈ ಮಾತ್ರ ಕುಣಿಯುತ್ತಿತ್ತು. ಕೊನೆಗೆ ಹಲಸಿನ ಕೊಂಬೆ ಕಾಣುವ ಕಿಟಕಿಯ ಹತ್ತಿರ ನಿಂತು, ಎದೆ ಹಿಡಿದುಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರು ಪಾಪ ಎಂದು ಬಿಟ್ಟದ್ದಲ್ಲ ಎಂಬುದರಲ್ಲಿ ನೋಡಿದ ಯಾರಿಗೂ ಅನುಮಾನವಿರಲಿಲ್ಲ. ಹುಡುಗಿ ಅವರನ್ನು ದಾಟಿ, ಅಡಿಗೆಮನೆಯ ಹೊಸಿಲು ದಾಟಿ, ಕೊಡ ಇಳಿಸಿದಳು. ಅಕ್ಕ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ನಡೆದದ್ದು ನನ್ನ ಕೈಯಲ್ಲಿರಲಿಲ್ಲ. ಹುಡುಗನ ಸೋದರಮಾವ ಹುಡುಗಿಯ ಕಾಲು ನೋಡಿಯೇ ಹೀಗೆ ಕಟ್ಟಿಸಿದ್ದು ಎಂದು ಯಾರೋ ಅಂದರು. ಊಟದ ಹಾಲಿನ ಆ ತುದಿಗೆ ಹೋಗುವಷ್ಟರಲ್ಲಿ ಅದು ಎಲ್ಲರ ಮಾತಾಯಿತು. ಅಕ್ಕ ನನ್ನನ್ನು ಮೂಲೆಗೆ ಕರೆದಳು.

"ನಿಜ ಹೇಳು. ಯೋಚನೆ ಮಾಡಿ ಮಾಡ್ಸಿದ್ದಾ?"

"ಕಟ್ಟೋವಾಗ ಅವಳ ಕಾಲು ಸರಿಯಾಗೇ ಇತ್ತಲ್ಲಕ್ಕ. ಅವಳು ಯಾರು ಅಂತಾನೇ ಗೊತ್ತಿರಲಿಲ್ಲ."

"ನಾನೂ ಅದನ್ನೇ ಹೇಳ್ತಿದ್ದೀನಿ. ಯಾರೂ ಕೇಳ್ತಾ ಇಲ್ಲ." ಊಟದ ಹಾಲಿನ ಕಡೆ ಕೈಬೀಸಿ, "ಹೋಗ್ಲಿ ಬಿಡು, ಅಂದ್ಕೊಳ್ಲಿ" ಎಂದಳು.

ಈಗ ಸಭಾಭವನ ಬುಕ್ ಮಾಡಲು ಹೆಣ್ಣಿನ ಕಡೆಯವರು ಫೋನು ಮಾಡಿದರೆ ಮೊದಲು ಕೇಳುವುದು, ನೀರು ತರುವುದು ರ‍್ಯಾಂಪಿನಲ್ಲೇ ತಾನೆ ಎಂದು. ಗಂಡಿನ ಕಡೆಯವರು ಅಡಿಗೆಮನೆಯನ್ನು ಕೆಳಗೆ ತರಬೇಕೆಂದು ಕಮಿಟಿಗೆ ಅರ್ಜಿ ಕೊಟ್ಟಿದ್ದಾರೆ. ಶಾಸ್ತ್ರ ಹಾಳಾಯಿತು ಎಂದು ದೊಡ್ಡ ಭಾವ ನನ್ನನ್ನು ಕಂಡಾಗಲೆಲ್ಲ ಬೈಯುತ್ತಾರೆ. ಅರ್ಜಿಯನ್ನು ಮಾತ್ರ ಪ್ರತಿ ಸಭೆಯಲ್ಲೂ ಮುಂದಕ್ಕೆ ಹಾಕುತ್ತಾರೆ. ನನಗೋ, ಇತ್ತೀಚೆಗೆ ಒಂದು ಚಿತ್ರ ಕಣ್ಣಿಗೆ ಬರತೊಡಗಿದೆ. ನಕ್ಷೆಯ ಮುಂದೆ ಕೂತು ಹೊರ ಅಂಚಿನ ಏರನ್ನು ನಾನು ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಎಷ್ಟು ಸ್ಪಷ್ಟವಾಗಿದೆ ಎಂದರೆ ಪೆನ್ಸಿಲಿನ ಬಣ್ಣವೂ ಕಾಣುತ್ತದೆ. ಅದರಿಂದಲೇ ಅದು ಸುಳ್ಳಿರಬೇಕು ಎಂದು ಸದ್ಯಕ್ಕೆ ತಡೆದು ಹಿಡಿದಿದ್ದೇನೆ. ಎಷ್ಟು ದಿನವೋ ಗೊತ್ತಿಲ್ಲ.

ಆ ದಿನದ ಒಂದು ಸಂಗತಿ ಮಾತ್ರ ಖಚಿತ ಎಂದುಕೊಂಡಿದ್ದೆ. ನೀರು ತಂದ ಮೇಲೆ ಹುಡುಗಿ ಮತ್ತೆ ಕೆಳಗಿನ ಮಂಟಪಕ್ಕೆ ಹೋಗಬೇಕಿತ್ತು. ಜನವೆಲ್ಲ ರಾತ್ರಿಯ ಊಟದ ಕಡೆ ನುಗ್ಗಿದ್ದರು. ಅವಳು ರ‍್ಯಾಂಪಿನ ತಲೆಯಲ್ಲಿ ನಿಂತು ಇಳಿಜಾರು ನೋಡಿದಳು. ಇಳಿಯುವಾಗಲೇ ತಾನೆ ಅವಳಿಗೆ ನೋವು. ಆಮೇಲೆ ಬೆನ್ನು ತಿರುಗಿಸಿ, ಹೊರಗಿನ ಕಂಬಿ ಹಿಡಿದು, ಹಿಂದು ಹಿಂದಾಗಿ ಇಳಿಯತೊಡಗಿದಳು. ಕಿಟಕಿಯ ಹತ್ತಿರ ದೊಡ್ಡ ಭಾವ ಯಾರೋ ತಂದುಕೊಟ್ಟ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು.

"ಇದೆಂತ ಮಗಳೇ, ಹಿಂದೆ ಹಿಂದೆ?"

"ನೀವು ಹತ್ತಿದ ಹಾಗೇ ನಾನು ಇಳಿಯುದು ದೊಡ್ಡಮಾವ."

ಅವರು ಲೋಟ ಇಟ್ಟು ಎದ್ದರು. ಅವಳಿಗಿಂತ ಎರಡು ಹೆಜ್ಜೆ ಕೆಳಗೆ ಹೋಗಿ, ಕೈ ಅಗಲಿಸಿ, ಅವಳು ಒಂದು ಹೆಜ್ಜೆ ಇಟ್ಟರೆ ತಾವೂ ಒಂದು ಹೆಜ್ಜೆ ಇಡುತ್ತ, ಕೊನೆತನಕ ಅವಳ ಬೆನ್ನ ಹಿಂದೆಯೇ ಇಳಿದರು. ಈ ಸಲ ವಾಲಗ ಇರಲಿಲ್ಲ. ನಾನು ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದೆ.

ಅಕ್ಕ ಇಲ್ಲ ಎನ್ನುತ್ತಾಳೆ. ಆ ಹೊತ್ತಿಗೆ ನಾನು ಮೇಲೆ ಅವಳ ಪಕ್ಕದಲ್ಲೇ ಕೂತು ಕಡುಬು, ಪಂದಿ ಕರಿ ತಿನ್ನುತ್ತಿದ್ದೆನಂತೆ, ಎರಡನೇ ಸಲ ಬಡಿಸಿಕೊಂಡೂ ಇದ್ದೆನಂತೆ. ಅವಳು ಇಳಿದದ್ದನ್ನೆಲ್ಲ ನನಗೆ ಹೇಳಿದ್ದು ದೊಡ್ಡ ಭಾವನೇ ಅಂತೆ. ಹುಡುಗಿಯನ್ನೇ ಸಾಕ್ಷಿ ಕೇಳೋಣ ಎಂದು ಮೊನ್ನೆ ಅಕ್ಕನ ಮನೆಗೆ ಹೋದಾಗ ಕೇಳಿದೆ. ಅವಳು ಕಾಫಿ ಲೋಟ ಮುಂದಿಟ್ಟಳು.

"ನನಗೆ ಹೇಗೆ ಗೊತ್ತಾಗ್ಬೇಕು ಮಾವ? ನಾನು ಮೇಲಿನ ಕಡೆ ಮುಖ ಮಾಡಿ ಇಳಿತಾ ಇದ್ದೆ."